ಕೇಳುವುದಕ್ಕೆ ಮಾತ್ರ ಅನುಮತಿ

ಅತ್ತೆಯ ಕಿಡ್ನಿ ಕೈಕೊಟ್ಟ ಮೇಲೆ ಅವರನ್ನು ಮೂಡಲಗಿಯಿಂದ ಗೋಕಾಕದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಗಂಡ ಮತ್ತು ಭಾವ ಮನೆಯ ಮುಂಭಾಗದಲ್ಲೇ ಇದ್ದ ಬೀಜ-ಗೊಬ್ಬರದ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ನಾನು ನಿಡಸೋಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಹುಕ್ಕೇರಿಯ ತವರಿನಿಂದ ಈ ಮನೆಗೆ ಬಂದವಳು. ಆ ಓದು ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿಕೊಳ್ಳುವುದನ್ನು ಬಿಟ್ಟಿದ್ದೆ. ಮನೆ ಬಿಟ್ಟರೆ ಆಸ್ಪತ್ರೆ, ಆಸ್ಪತ್ರೆ ಬಿಟ್ಟರೆ ಮನೆ.

ಅತ್ತೆಯ ಪಕ್ಕದ ಮಷೀನಿನಲ್ಲಿ ಮಲಗುತ್ತಿದ್ದ ಹೆಂಗಸಿನ ಗಂಡ ಮಿಲಿಟರಿಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದವರು. ಗೋಕಾಕದಲ್ಲೇ ಗುಡ್ಡದ ಬದಿಗೆ ಮನೆ. ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ಒಂದು ದಿನ ಅವರು ಜೇಬಿನಿಂದ ಗಿಡ್ಡ ಆಂಟೆನಾದ ಸೆಟ್ ತೆಗೆದು, ಬಟನ್ ಒತ್ತಿ ಏನೋ ಅಂದರು. ಎಲ್ಲಿಂದಲೋ ಒಂದು ದನಿ ಉತ್ತರ ಕೊಟ್ಟಿತು.

"ಕಾಕಾರ, ಇದ ಪೊಲೀಸ್ರ ವಾಕಿಟಾಕಿ ಏನ್ರಿ?"

"ಅಲ್ಲವಾ. ನಾವು ಹ್ಯಾಮ್ ರೇಡಿಯೋದವರು. ಹವ್ಯಾಸಕ್ಕ ಮಾತಾಡವರು."

"ನಾನೂ ಮಾತಾಡಬಹುದೇನ್ರಿ?"

"ಈಗ ಬರೂದಿಲ್ಲ. ಪರೀಕ್ಷಾ ಪಾಸಾಗಬೇಕು, ಸರಕಾರದ ಲೈಸನ್ಸ್ ಬರಬೇಕು. ಅಲ್ಲೀತನಾ ಕೇಳಾಕ ಅಡ್ಡಿ ಇಲ್ಲ. ಮಾತಾಡೂ ಬಟನ್ ಮಾತ್ರ ಮುಟ್ಟಂಗಿಲ್ಲ."

ಮುಂದಿನ ಸಲ ಅವರು ತಮ್ಮ ಹಳೆಯ ರಿಸೀವರ್ ತಂದುಕೊಟ್ಟರು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಅದರ ವೈರು ಸಿಕ್ಕಿಸಿದೆ. ಬೆಳಿಗ್ಗೆ ಬಟ್ಟೆ ಹರವಲು ಹೋದಾಗ ಕಿವಿಗೆ ಹಚ್ಚಿಕೊಳ್ಳುತ್ತಿದ್ದೆ. ಗರಗರ ಸದ್ದಿನ ನಡುವಿನಿಂದ ಮನುಷ್ಯರು ಬರುತ್ತಿದ್ದರು. ಒಬ್ಬನ ಊರಲ್ಲಿ ಮಳೆ, ಇನ್ನೊಬ್ಬನ ಸೆಟ್ ಕೆಟ್ಟಿದೆ, ಮತ್ತೊಬ್ಬನಿಗೆ ಕೆಮ್ಮು. ಯಾರೂ ದೊಡ್ಡ ಮಾತು ಆಡುತ್ತಿರಲಿಲ್ಲ. ಆದರೂ ಒದ್ದೆ ಸೀರೆ ಕೈಯಲ್ಲಿ ಹಿಡಿದೇ ನಿಂತುಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಒಬ್ಬರು 'ಸೀಕ್ಯೂ, ಸೀಕ್ಯೂ' ಎಂದು ಕೂಗತೊಡಗಿದರು. ಯಾರಾದರೂ ಇದ್ದರೆ ಮಾತಿಗೆ ಬನ್ನಿ ಎಂದು ಅದರ ಅರ್ಥ. ವಯಸ್ಸಾದ ದನಿ, ಕಾಕಾರದಲ್ಲ. ಪಕ್ಕದಲ್ಲೇ ನಿಂತಂತೆ ಸ್ಪಷ್ಟವಾಗಿತ್ತು. ಕೂಗಿ ನಿಲ್ಲಿಸುವರು, ಕಾಯುವರು, ಮತ್ತೆ ಕೂಗುವರು. ಯಾರೂ ಉತ್ತರಿಸಲಿಲ್ಲ. ನನಗೆ ಕೇಳಿಸುತ್ತಿದೆ ಎಂದು ಅವರಿಗೆ ತಿಳಿಸುವ ದಾರಿಯೇ ನನ್ನಲ್ಲಿರಲಿಲ್ಲ. "ಇದ್ದೇನ್ರಿ, ನಾ ಇದ್ದೇನಿ" ಎಂದು ತಂತಿಯ ಮೇಲಿನ ಬಟ್ಟೆಗೆ ಹೇಳಿದೆ.

ಕೆಳಗಿನಿಂದ ನೆಗೆಣ್ಣಿ ಕೂಗಿದಳು: "ಮ್ಯಾಲ ಯಾರ ಜೋಡಿ ಮಾತಾಡಾಕತ್ತೀ?"

ಕಾಕಾರ ಹತ್ತಿರ ಕೇಳಿ ಓದಿಕೊಂಡು ಲೈಸನ್ಸ್ ಪರೀಕ್ಷೆಗೆ ಅರ್ಜಿ ಹಾಕಿದೆ. ಗಂಡನೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಕ್ಕ, ಆದರೂ ಹೋದ. ಪಾಸಾದೆ. ಆಮೇಲೆ ಲೈಸನ್ಸ್ ಕೊಡುವ ಮುಂಚಿನ ವಿಚಾರಣೆಗೆಂದು ಪೇದೆಯೊಬ್ಬ ಅಂಗಡಿಗೇ ಬಂದು, ಗಿರಾಕಿಗಳ ಎದುರು ನನ್ನ ಹೆಸರು ಹಿಡಿದು ಕೇಳಿದ. ಅಂದು ಊಟಕ್ಕೆ ಕೂತಾಗ ಭಾವ ನನ್ನ ಕಡೆ ನೋಡದೆ ತಮ್ಮನಿಗೆ ಹೇಳಿದರು.

"ಈ ಮನಿ ಸೊಸಿನ್ನ ಹುಡುಕ್ಕೊಂಡು ಪೊಲೀಸ್ರು ಬಂದಿದ್ರು ಅಂತ ಪ್ಯಾಟಿ ತುಂಬ ಆತು. ಸಾಕು ಇದು."

ಗಂಡ ಇನ್ನೊಂದು ರೊಟ್ಟಿ ಮುರಿದ. ಮಲಗುವ ಮುಂಚೆ "ಸ್ವಲ್ಪ ದಿನ ತಡಿ" ಎಂದ. ನಾನು ರಿಸೀವರನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದೆ. ಮರುದಿನದಿಂದ ಮಾಳಿಗೆ ಬರೀ ಮಾಳಿಗೆಯಾಯಿತು. ನಾಲ್ಕು ಕಡೆಯೂ ಮೊಣಕಾಲೆತ್ತರದ ಕಟ್ಟೆ, ಆಚೆ ಪರರ ಮಾಳಿಗೆಗಳು.

ಮುಂದಿನ ಡಯಾಲಿಸಿಸ್ ದಿನ, ತೋಳಿನಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅತ್ತೆ ಕೇಳಿದರು: "ಮಾಳಗಿ ಮ್ಯಾಲಿನ ಗರಗರ ಯಾಕ ಬಂದ್ ಆಗೇತಿ?"

ಅವರ ಮಂಚ ಇರುವುದು ಮೆಟ್ಟಿಲ ಬುಡದಲ್ಲಿ. ಅವರೂ ದಿನಾ ಕೇಳುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

"ಭಾವಾರು ಬ್ಯಾಡ ಅಂದಾರ್ರಿ."

ಅತ್ತೆ ಮಷೀನಿನತ್ತ ನೋಡಿದರು. "ನನ್ನ ಇದಕ್ಕ ಕಟ್ಟಿ ಹಾಕ್ಯಾರ. ಎದ್ದು ಹೋದ್ರ ಸಾಯತೇನಿ. ನಿನ್ನ ಯಾವದಕ್ಕ ಕಟ್ಟ್ಯಾರ?"

ಮನೆಗೆ ಬಂದ ಮೇಲೆ ಅತ್ತೆ ಗಂಡುಮಕ್ಕಳಿಬ್ಬರನ್ನೂ ಮಂಚದ ಬಳಿ ಕರೆದರು. "ಪೊಲೀಸ ಮತ್ತ ಬಂದ್ರ ನನ್ನ ಕಡೆ ಕಳಸ್ರಿ. ನನ್ನ ಸೊಸಿ ಕಲ್ತಾಕಿ, ಅದಕ್ಕ ನೀ ಬಂದೀ ಅಂತ ಅವಗ ನಾ ಹೇಳತೇನಿ." ಭಾವ ಒಪ್ಪಿದರೆನ್ನಲಾರೆ. ಆಂಟೆನಾ ರಸ್ತೆಯ ಕಡೆ ಕಾಣಬಾರದು ಎಂದಷ್ಟೇ ಹೇಳಿ ಎದ್ದುಹೋದರು.

ಲೈಸನ್ಸ್ ಬರುವುದು ತಡವಾಯಿತು. ಅಷ್ಟರಲ್ಲಿ ಕಾಕಾರ ಹೆಂಡತಿ ತೀರಿಕೊಂಡರು. ಆ ಬೆಂಚಿನ ಮೇಲೆ ಬೇರೆ ಯಾರೋ ಕೂರತೊಡಗಿದರು. ಕೊನೆಗೊಮ್ಮೆ ಲೈಸನ್ಸು, ಅದರೊಡನೆ ರೇಡಿಯೋದಲ್ಲಿ ನನ್ನ ಗುರುತಾದ ಕರೆಸಂಕೇತ ಬಂದಾಗ ಮಾಳಿಗೆಯ ಹಿತ್ತಲ ಬದಿಗೆ ಆಂಟೆನಾ ಕಂಬ ನಿಲ್ಲಿಸಿ, ಕೊಂಡ ಸೆಟ್ಟಿನ ಬಟನ್ ಒತ್ತಿ ಮೊದಲು ಕಾಕಾರನ್ನೇ ಕರೆದೆ. ಎರಡನೆಯ ಸಲಕ್ಕೆ ಉತ್ತರ ಬಂತು.

"ಬಂತ್ ನೋಡವಾ, ಚಲೋ ಕೇಳಸ್ತೈತಿ," ಎಂದರು. "ನಿನ್ನೆನೂ ಆಸ್ಪತ್ರಿ ವ್ಯಾಳ್ಯಾಕ ತಯಾರಾಗಿ ಕುಂತಿದ್ನಿ. ರೂಢಿ ಹೋಗವಲ್ದು. ಓವರ್."

ಓವರ್ ಎಂದರೆ ಇನ್ನು ಮಾತು ನನ್ನದು. ಇಷ್ಟು ದಿನ ಕಾದಿದ್ದೆ, ಈಗ ಒಂದು ಮಾತೂ ತೋಚಲಿಲ್ಲ. ಮೆಟ್ಟಿಲ ಬುಡದಿಂದ ಅತ್ತೆ ಕೂಗಿದರು: "ಊಟ ಮಾಡ್ಯಾರೇನ ಕೇಳು."

ಕೇಳಿದೆ. ಇನ್ನೂ ಇಲ್ಲವೆಂದರು. "ಮೊದಲ ಉಣ್ಣಾಕ ಹೇಳು," ಎಂದರು ಅತ್ತೆ. ಅದನ್ನೂ ಹೇಳಿದೆ. ಅಷ್ಟರಲ್ಲಿ ಅಂಗಡಿಯಿಂದ ಚಹಾಕ್ಕೆ ಕೂಗು ಬಂತು. ನಾನು ಸೆಟ್ ಆರಿಸಿ ಕೆಳಗಿಳಿದೆ.