ಇಪ್ಪತ್ತೆರಡು ಮಾಳಿಗಿ

ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ಗಂಡಸು ಕನ್ನಡಿಯನ್ನು ನೇರವಾಗಿ ನೋಡುವುದಿಲ್ಲ. ನೀವೂ ಗಮನಿಸಿರಬಹುದು. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಶರಣುವಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು ಮೊನ್ನೆ ನಾನೂ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಿದ್ದೆ. ಶರಣು ಬಟ್ಟಲಲ್ಲಿ ಬಣ್ಣ ಕಲೆಸಿ ಕಿವಿಯ ಮೇಲೆ ಮೊದಲ ಸಲ ಬ್ರಷ್ ಎಳೆದ. ಅಮೋನಿಯಾ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು.

"ಕಣ್ಣಾಗ ಬಿತ್ತೇನ್ರಿ ಸರ?"

"ಇಲ್ಲಪ್ಪ, ಘಾಟು."

ಘಾಟೆಂದದ್ದು ಅರ್ಧ ನಿಜ. ಆ ವಾಸನೆ ನನಗೆ ಅಪ್ಪನ ಅಂಗಿಯದು, ಮತ್ತೆ ನನ್ನ ಅಕ್ಕ ನೀಲಕ್ಕನ ಪುಸ್ತಕದ ಚೀಲದ್ದು.

ಅಪ್ಪ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಯಂತ್ರದ ಮುಂದೆ ನಿಂತೇ ನೌಕರಿ ಮುಗಿಸಿದ. ಆಗ ಕಾಗದ ಅಮೋನಿಯಾದ ಆವಿಯಲ್ಲಿ ಹಾಯ್ದು ಬಂದರಷ್ಟೇ ಅದರ ಮೇಲೆ ನೀಲಿ ಗೆರೆ ಮೂಡುತ್ತಿತ್ತು. ಕೆಟ್ಟುಹೋದ ಪ್ರತಿಗಳು ಮನೆಗೆ ಬಂದು ನಮ್ಮ ಪುಸ್ತಕಗಳ ಹೊದಿಕೆಯಾಗುತ್ತಿದ್ದವು, ಡಬ್ಬಿಗಳ ತಳಕ್ಕೆ ಹಾಸಾಗುತ್ತಿದ್ದವು. ನೀಲಕ್ಕ ತನ್ನ ಗಣಿತ ಪುಸ್ತಕದ ಹೊದಿಕೆಯ ಮೇಲಿದ್ದ ತೂಬಿನ ನಕ್ಷೆಯನ್ನು ತಾಸುಗಟ್ಟಲೆ ನೋಡುತ್ತಿದ್ದಳು. "ಒಳಗಿನ ಗಣಿತದಾಗ ನಪಾಸು, ಹೊರಗಿನ ಗಣಿತದಾಗ ಪಾಸು" ಎಂದು ಅಪ್ಪ ನಗುತ್ತಿದ್ದ. ಮುಂದೆ ಅವಳು ಹೈದರಾಬಾದಿನಲ್ಲಿ ವಾಸ್ತುಶಿಲ್ಪ ಓದಿ, ಅಲ್ಲಿಯೇ ಮುಗಿಲೆತ್ತರದ ಕಟ್ಟಡಗಳ ನಕ್ಷೆ ಬರೆಯುವವಳಾದಳು. ಅವಳು ತೀರಿಕೊಂಡು ವರ್ಷವಾಗುತ್ತ ಬಂತು.

ನಾನು ತಲೆ ಕಪ್ಪು ಮಾಡಿಸಿಕೊಳ್ಳಲು ಬಂದದ್ದೂ ಅವಳ ಕೆಲಸಕ್ಕಾಗಿಯೇ. ಭಾನುವಾರ ಹೈದರಾಬಾದಿನಲ್ಲಿ ಒಂದು ಸಭೆ. ಅವಳೇ ನಕ್ಷೆ ಬರೆದ, ಕೊನೆಯವರೆಗೆ ಅವಳೇ ವಾಸವಿದ್ದ ಇಪ್ಪತ್ತೆರಡು ಅಂತಸ್ತಿನ ಕಟ್ಟಡದ ನಿವಾಸಿಗಳು ಸೇರುತ್ತಾರೆ. ಆ ಕಟ್ಟಡದ ನಡುಮಧ್ಯದ ಒಂದು ಇಡೀ ಅಂತಸ್ತನ್ನು ಅಕ್ಕ ಗೋಡೆಯಿಲ್ಲದೆ ತೆರೆದು ಬಿಟ್ಟಿದ್ದಳು. ನಕ್ಷೆಯಲ್ಲಿ ಅದಕ್ಕೆ ಅವಳು ಬರೆದ ಹೆಸರು 'ಮಾಳಿಗಿ'. ಈಗ ಅದಕ್ಕೆ ಗಾಜು ಹಾಕಿ ವ್ಯಾಯಾಮಶಾಲೆ ಮಾಡಬೇಕೆಂದು ಬಹಳ ಜನರ ಒತ್ತಾಯ. ಅಕ್ಕನ ಕೈಕೆಳಗೆ ಕೆಲಸ ಕಲಿತ ಹುಡುಗಿ ಫೋನು ಮಾಡಿದ್ದಳು. "ಸರ್, ನೀವು ಬಂದು ಆ ಕಥೆ ಹೇಳಿ. ಮೇಡಂ ಚಿಕ್ಕವರಿದ್ದಾಗಿನ ಕಥೆ. ಅದನ್ನ ಕೇಳಿದ ಮೇಲೆ ಮುಚ್ಚೋಕೆ ಯಾರಿಗೂ ಮನಸ್ಸು ಬರಲ್ಲ."

ತೊಂದರೆ ಇಷ್ಟೇ. ಆ ಕಥೆ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ.

ದಕ್ಷಿಣದ ಕಡೆಯ ಓದುಗರು ಇಲ್ಲಿ ನನ್ನ ಜೊತೆ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಮಾಳಿಗಿ ಎಂದರೆ ಅಂತಸ್ತಲ್ಲ. ಕಲ್ಲಿನ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು ಹಾಕಿ ತುಳಿದು ಮಟ್ಟಸ ಮಾಡಿದ ಚಾವಣಿಯೇ ಮಾಳಿಗಿ. ಮಳೆಗೆ ಮುಂಚೆ ಪ್ರತಿ ವರ್ಷ ಉಪ್ಪಿನಂಶದ ಸವಳು ಮಣ್ಣು ಹುಡುಕಿ ತಂದು ಹೊಸದಾಗಿ ಹಾಕದಿದ್ದರೆ ಸೋರುತ್ತದೆ. ಅಡುಗೆ ಮಾಡುವ ಜಾಗದ ಮೇಲೆ ಅದಕ್ಕೊಂದು ಬೆಳಕಿಂಡಿ. ಬೆಳಕು ಇಳಿಯುವುದು, ಹೊಗೆ ಏರುವುದು, ಮಾತು ಎರಡೂ ಕಡೆ ಓಡಾಡುವುದು ಆ ತೂತಿನಿಂದಲೇ. ಶಹಾಪುರದ ಹತ್ತಿರದ ನಮ್ಮ ಊರಿನಲ್ಲಿ ಒಂದು ಮನೆಯ ಮಾಳಿಗಿ ಮುಗಿಯುವಲ್ಲಿ ಇನ್ನೊಂದರದು ಶುರುವಾಗುತ್ತಿತ್ತು. "ಉಪ್ಪು ಅದ ಏನವ್ವಾ?" ಎಂದು ಮೇಲಿನಿಂದ ಬಗ್ಗಿ ಕೇಳಿದರೆ ಕೆಳಗಿನಿಂದ ಮೊದಲು ಬೈಗುಳ ಬರುತ್ತಿತ್ತು, ಆಮೇಲೆ ಉಪ್ಪು.

ಕಥೆ ಹೀಗಿದೆ. ಒಂದು ಮಧ್ಯಾಹ್ನ. ಅಪ್ಪ ಕಚೇರಿಯಲ್ಲಿ. ನೀಲಕ್ಕ ಮಾಳಿಗಿಯ ಮೇಲೆ ಒಣಹಾಕಿದ ಮೆಣಸಿನಕಾಯಿ ಕಾಯುತ್ತಿದ್ದಳು. ಬೆಳಕಿಂಡಿಯಲ್ಲಿ ಇಣುಕಿದರೆ ಕೆಳಗೆ ಅವ್ವ ನೆಲದ ಮೇಲೆ ಬಿದ್ದಿದ್ದಾಳೆ, ಕರೆದರೆ ಓಗೊಡುತ್ತಿಲ್ಲ. ಬಾಗಿಲಿಗೆ ಒಳಗಿನಿಂದ ಅಗಳಿ. ನೀಲಕ್ಕ ಮಾಳಿಗಿಯಿಂದ ಮಾಳಿಗಿಗೆ ಓಡಿ, ಒಂದೊಂದು ಬೆಳಕಿಂಡಿಗೂ ಬಾಯಿಟ್ಟು "ನಮ್ಮವ್ವ ಬಿದ್ದಾಳ, ಬರ್ರೀ" ಎಂದು ಕೂಗಿದಳು. ಹೆಂಗಸರು ಬಂದು ಬಾಗಿಲು ಕಿತ್ತು ಅವ್ವನನ್ನು ಉಳಿಸಿದರು.

ನನಗೆ ಇದು ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಕಾದ ಮಣ್ಣಿನ ಮೇಲೆ ಸುಡುವ ನನ್ನ ಅಂಗಾಲು, ಮುಷ್ಟಿಯಲ್ಲಿ ಹಿಡಿದ ಅಕ್ಕನ ಲಂಗದ ಅಂಚು, ದೂರದಲ್ಲಿ ಬಿಸಿಲಿಗೆ ಹೊಳೆಯುವ ಕಾಲುವೆಯ ನೀರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಊರಿಗೆ ಬಂದ ಹೊಸದರಲ್ಲಿ ಇದನ್ನು ಅವ್ವನ ಮುಂದೆ ವರ್ಣಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹುಚ್ಚಪ್ಪ, ನೀ ಆಗ ನನ್ನ ಹೊಟ್ಟ್ಯಾಗ ಇದ್ದಿ. ನಿನ್ನ ಭಾರಕ್ಕೇ ನಾ ಬಿದ್ದದ್ದು."

"ಮತ್ತ ಕಾಲುವಿ ಕಂಡಿದ್ದು?"

"ಕಾಲುವಿ ಎಲ್ಲಿತ್ತೋ? ಇನ್ನ ಅಳತಿ ಮಾಡಾಕತ್ತಿದ್ರು."

ರಜೆಗೆ ಬಂದಿದ್ದ ನೀಲಕ್ಕ ಪಕ್ಕದಲ್ಲೇ ಕುಳಿತು ಬಿದ್ದು ಬಿದ್ದು ನಕ್ಕಳು. ಅವ್ವ ಅವಳ ಕಡೆ ತಿರುಗಿದಳು. "ನೀ ಏನ್ ನಗ್ತಿ? ಎಲ್ಲಿ ಓಡೀದಿ ನೀ? ಬೆಳಕಿಂಡಿ ಬಾಜು ಕುಂತು ಹೋ ಅಂತ ಅತ್ತಿ. ಆ ರಾಗ ಕೇಳಿ ಮಂದಿ ಬಂದ್ರು."

"ಯವ್ವಾ, ಓಡೀನಿ! ಮೊಣಕಾಲಿಂದು ಈ ಕಲೆ ನೋಡು."

"ಅದು ಬಾರಿಗಿಡದ ಮ್ಯಾಲಿಂದ ಬಿದ್ದದ್ದು. ನಾನೇ ಅರಿಶಿಣ ಹಚ್ಚೀನಿ."

ಇತಿಹಾಸದ ವಿದ್ಯಾರ್ಥಿಯಾಗಿ ನಾನು ಲೆಕ್ಕ ಹಾಕಿದೆ. ಅವ್ವನಿಗೆ ಆಗ ಎಚ್ಚರವೇ ಇರಲಿಲ್ಲ. ನಾನು ಹುಟ್ಟಿರಲಿಲ್ಲ. ಅಕ್ಕ ಸ್ವತಃ ಕಥೆಯ ನಾಯಕಿ. ಯಾವ ನ್ಯಾಯಾಧೀಶನಾದರೂ ಮೂರೂ ಸಾಕ್ಷಿಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸುತ್ತಾನೆ. ಅವ್ವ ಬದುಕಿದ್ದು ಮಾತ್ರ ನಿಜ, ಏಕೆಂದರೆ ನಾನಿದ್ದೇನೆ.

ನಾನು ಹುಟ್ಟಿದ ಮೇಲೆ ಕಾಲುವೆಗೆ ನೀರು ಬಂತು. ಮೊದಲ ನೀರಿಗೆ ಊರಿನ ಹೆಂಗಸರು ಅರಿಶಿಣ ಕುಂಕುಮ ಬಿಟ್ಟು ಕೈ ಮುಗಿದರು. ಭತ್ತ ಬಂತು, ಮನೆಗಳಲ್ಲಿ ದಿನವೂ ಅನ್ನ ಬೇಯತೊಡಗಿತು. ಕೆಲವು ವರ್ಷಗಳಲ್ಲಿ ತಗ್ಗಿನ ಹೊಲಗಳು ಜೌಗಾದವು. ನೆಲದೊಳಗೆ ಜೋಳ ತುಂಬಿಡುತ್ತಿದ್ದ ನಮ್ಮ ಹಗೇವಿನಲ್ಲಿ ಒಂದು ದಿನ ನೀರು ನಿಂತಿತ್ತು. ಮಾಳಿಗಿಗೆಂದು ಮೈಲಿಗಟ್ಟಲೆ ಹೋಗಿ ತರುತ್ತಿದ್ದ ಸವಳು ತಾನಾಗಿಯೇ ಹೊಲಕ್ಕೆ ಬಂದು ಬೆಳ್ಳಗೆ ಕುಳಿತಿತು. "ಈಗ ಬೇಕಾದಷ್ಟು ಸವಳು ಅದ, ಹಾಕಾಕ ಮಾಳಿಗಿ ಇಲ್ಲ" ಎಂದಳು ಅವ್ವ. ಗೋಡೆ ಕುಸಿಯುವ ಮೊದಲೇ ಅಪ್ಪ ನಮ್ಮನ್ನು ಭೀಮರಾಯನಗುಡಿಯ ಸರ್ಕಾರಿ ಮನೆಗೆ ಕರೆತಂದಿದ್ದ. ಸಿಮೆಂಟಿನ ಚಾವಣಿ, ಸುತ್ತ ಕಾಂಪೌಂಡು, ಸೋರುವ ಭಯವಿಲ್ಲ. ಅವ್ವ ಮೊದಲ ವಾರ ಮೇಲೆ ನೋಡಿ ನೋಡಿ ಬೆಳಕಿಂಡಿ ಹುಡುಕಿದಳು. ಆಮೇಲೆ ಹೇಳಿದಳು, "ಇಲ್ಲಿ ಯಾರಾದ್ರೂ ಸತ್ರ ಆಫೀಸಿಗೆ ಅರ್ಜಿ ಕೊಟ್ಟ ಮ್ಯಾಲೇ ಗೊತ್ತಾಗ್ತದ ನೋಡು."

ನೀಲಕ್ಕ ಹೈದರಾಬಾದಿನಲ್ಲಿ ಬಹಳ ವರ್ಷ ಬೇರೆಯವರ ಕಟ್ಟಡಗಳ ಮೆಟ್ಟಿಲು, ಶೌಚಾಲಯ, ಕಾರು ನಿಲ್ಲಿಸುವ ಜಾಗಗಳನ್ನೇ ಬರೆದಳು. ದೊಡ್ಡ ಕೆಲಸ ಗಂಡಸರ ಮೇಜಿಗೆ ಹೋಗುತ್ತಿತ್ತು. ಕೂದಲು ನೆರೆಯತೊಡಗಿದ ಮೇಲೆ ಅವಳ ಕೈಗೆ ಒಂದು ಎತ್ತರದ ಕಟ್ಟಡ ಪೂರ್ತಿಯಾಗಿ ಬಂತು. ಆ ಸುದ್ದಿ ಹೇಳಲು ಅವಳು ಊರಿಗೆ ಬಂದಾಗ ನಾನೇ ದೊಡ್ಡಸ್ತಿಕೆಯಿಂದ ಪುಸ್ತಕದ ಶಬ್ದ ಹಾಕಿ ಅವ್ವನಿಗೆ ಹೇಳಿದೆ: "ಅಕ್ಕ ಇಪ್ಪತ್ತೆರಡು ಮಾಳಿಗೆಯ ಮನೆ ಕಟ್ಟಿಸಾಕತ್ತಾಳ."

ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇಪ್ಪತ್ತೆರಡು ಮಾಳಿಗಿ! ಯವ್ವಾ ನೀಲಾ, ಮಳಿಗಿಂತ ಮೊದಲ ಅಷ್ಟಕ್ಕೂ ಮಣ್ಣು ಯಾರು ಹಾಕ್ತಾರ?"

ನಾನು ನಕ್ಕೆ, ಅಪ್ಪ ನಕ್ಕ. ನೀಲಕ್ಕ ನಗಲಿಲ್ಲ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದಳು: "ತಮ್ಮಾ, ಅವ್ವ ಕೇಳಿದ್ದು ಬರೋಬ್ಬರಿ ಅದ. ನಾ ಇಪ್ಪತ್ತೆರಡು ಅಂತಸ್ತು ಬರದೀನಿ, ಅದರಾಗ ಒಂದೂ ಮಾಳಿಗಿ ಇಲ್ಲ. ತುದಿಗಿರೋದಕ್ಕ ಬೀಗ ಹಾಕಿ ನೀರಿನ ಟಾಕಿ ಇಡ್ತಾರ."

ಅವಳು ಹೀಗೇ ಹೇಳಿದಳೇ? ಇಷ್ಟು ಚೊಕ್ಕವಾಗಿ? ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಿದ್ದಿಷ್ಟು ಎನ್ನುತ್ತೇನೆ. ಅವಳ ಮಿಕ್ಕ ವಿಚಾರಗಳೂ ನನ್ನಲ್ಲಿ ಹೀಗೆ ತುಂಡು ತುಂಡಾಗಿಯೇ ಉಳಿದಿವೆ. ಎತ್ತರವೆಂದರೆ ಮೇಲ್ಮುಖವಾಗಿ ಇಟ್ಟ ದೂರ, ಅಷ್ಟೇ, ಎನ್ನುತ್ತಿದ್ದಳು. ಬಸ್ಸಿನಲ್ಲಿ ಅಪರಿಚಿತರೂ ಮಾತಾಡುತ್ತಾರೆ, ಲಿಫ್ಟಿನಲ್ಲಿ ನೆರೆಮನೆಯವರೂ ಮಾತಾಡುವುದಿಲ್ಲ, ಏಕೆಂದರೆ ಲಿಫ್ಟಿಗೆ ಕಿಟಕಿಯಿಲ್ಲ, ನೋಡಿ ಹೇಳಲು ಏನೂ ಇಲ್ಲ ಎನ್ನುತ್ತಿದ್ದಳು. ಶಹಾಪುರದ ನಮ್ಮ ಗುಡ್ಡ ಬುದ್ಧ ಮಲಗಿದಂತೆ ಕಾಣುತ್ತದಲ್ಲ, ಅದನ್ನು ತೋರಿಸಿ "ಮಲಗಿದ್ದಕ್ಕೂ ಎತ್ತರ ಇರ್ತದ, ನಮ್ಮ ಬಿಲ್ಡರಿಗೆ ಯಾರು ಹೇಳಬೇಕು?" ಎಂದಿದ್ದಳು.

ಬಿಲ್ಡರಿಗೆ ಅವಳು ಹೇಳಲಿಲ್ಲ, ಉಪಾಯ ಮಾಡಿದಳು. ಬೆಂಕಿ ಬಿದ್ದಾಗ ಜನ ಓಡಿಬಂದು ನಿಲ್ಲಲು ಎತ್ತರದ ಕಟ್ಟಡದಲ್ಲಿ ಸ್ವಲ್ಪ ತೆರೆದ ಜಾಗ ಬಿಡಬೇಕೆಂಬ ನಿಯಮವಿದೆ. ಆ ನಿಯಮದ ಬಾಲ ಹಿಡಿದು ಒಂದು ಮೂಲೆಯನ್ನು ಇಡೀ ಅಂತಸ್ತಿಗೆ ಎಳೆದಳು. ನಡುವೆ ತೆರೆದರೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆಂದು ಎಂಜಿನಿಯರುಗಳಿಂದಲೂ ಹೇಳಿಸಿದಳು. ಬಿಲ್ಡರ್ ಗೊಣಗಿ ಒಪ್ಪಿಕೊಂಡ. ಕಟ್ಟೆ, ನೆರಳು, ಬಟ್ಟೆ ಒಣಹಾಕಲು ಬಿಸಿಲು ಬೀಳುವ ಒಂದು ಬದಿ. ನೆಲದಲ್ಲಿ ಕೆಳಗಿನ ಅಂತಸ್ತಿನ ಮನೆಗಳ ಮುಂದಿನ ಓಣಿಗೆ ಇಳಿಯುವ ಒಂದು ಬೆಳಕಿಂಡಿಯನ್ನೂ ಬಿಟ್ಟಿದ್ದಳು, ಮೇಲೆ ದಪ್ಪನೆಯ ಜಾಳಿಗೆ ಹಾಕಿ. ಅವ್ವ ಅದನ್ನು ನೋಡುವವರೆಗೆ ಉಳಿಯಲಿಲ್ಲ. ಅಕ್ಕ ಒಂಟಿಯಾಗಿಯೇ ಇದ್ದವಳು. ಮಾಳಿಗಿಯ ಕೆಳಗಿನ ಅಂತಸ್ತಿನಲ್ಲಿ ಸಣ್ಣ ಮನೆ ಮಾಡಿದಳು.

ಅಲ್ಲಿಯೇ ಹೋದ ವರ್ಷ, ಒಂದು ಬೆಳಗಿನ ಜಾವ, ಅವಳ ಹೃದಯ ನಿಂತಿತು. ಬಾಗಿಲಿಗೆ ಒಳಗಿನಿಂದ ಚಿಲಕ.

ನಾನು ಹೈದರಾಬಾದು ಮುಟ್ಟಿದಾಗ ನನ್ನನ್ನು ಹಿಡಿದುಕೊಂಡು ಅತ್ತವಳು ಬಾಲಮ್ಮ. ಗುರುಮಠಕಲ್ ಕಡೆಯ ಮುದುಕಿ, ಮಗಳ ಮನೆಯಲ್ಲಿರುತ್ತಾಳೆ. ಮಾಳಿಗಿಯ ಮೇಲೆ ಮೆಣಸಿನಕಾಯಿ ಹರವಿ ಕೂರುವುದು, ಗಿಡ ನೋಡಲು ಬರುವ ನೀಲಕ್ಕನಿಗೆ ಚಹಾ ಕೊಡುವುದು ಆಕೆಯ ದಿನಚರಿ.

"ಆ ದಿನ ಅಕ್ಕಯ್ಯ ಬರಲಿಲ್ಲಪ್ಪ. ಚಾ ಆರಿ ಹೋಯ್ತು. ಊರಿಗೆ ಹೋದ್ರ ನನಗ ಹೇಳೇ ಹೋಗಾಕಿ. ಆ ಜಾಳಿಗ್ಯಾಗ ಬಗ್ಗಿ 'ನೀಲಮ್ಮಾ, ನೀಲಮ್ಮಾ' ಅಂತ ಕೂಗೀನಿ. ಸೆಕ್ಯೂರಿಟಿಯಂವ ಓಡಿ ಬಂದು 'ಅಜ್ಜಿ, ಒದರಬ್ಯಾಡ್ರಿ, ಮಂದಿ ಬೈತಾರ' ಅಂದ. 'ಮಂದಿ ಬರಲೀ ಅಂತೇ ಒದರಾಕತ್ತೀನಿ' ಅಂದ್ನಿ."

ಮಂದಿ ಬಂದರು. ಬಾಗಿಲು ಮುರಿದರು. ಆಗಲೇ ತಡವಾಗಿತ್ತು ಎಂದರು ವೈದ್ಯರು. ಬಾಲಮ್ಮ ಇನ್ನೂ ಮುಂಚೆ ಕೂಗಿದ್ದರೂ ಅಷ್ಟೇ, ಎಂದರು. ಆಕೆ ಅದನ್ನು ನಂಬಲಿಲ್ಲ. ಆ ಚಹಾದ ಲೋಟ ಬಹಳ ದಿನ ಮಾಳಿಗಿಯ ಕಟ್ಟೆಯ ಮೇಲೆಯೇ ಇತ್ತು.

ಶರಣುವಿನ ಕುರ್ಚಿಯಲ್ಲಿ, ಬಣ್ಣ ಒಣಗಲೆಂದು ಕಾಯುತ್ತ, ನಾನು ಭಾನುವಾರದ ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ಓಡುವ ಪುಟ್ಟ ಹುಡುಗಿ, ಕಾದ ಮಾಳಿಗಿ, ಉಳಿದ ತಾಯಿ. ಸಭೆಯ ಕಣ್ಣು ಒದ್ದೆಯಾಗುತ್ತದೆ. ಆದರೆ ನೆರೆಯವರು ಬಂದರೆ ಜನ ಬದುಕುತ್ತಾರೆ ಎಂದು ಆ ಕಥೆ ಮಾತು ಕೊಡುತ್ತದಲ್ಲ, ಆ ಮಾತನ್ನು ಅಕ್ಕನ ಬಾಗಿಲಿನ ಮುಂದೆ ನಿಂತು ನಾನು ಹೇಗೆ ಹೇಳಲಿ? ಹೊಟ್ಟೆಯಲ್ಲಿದ್ದವನು ಕಂಡೆನೆಂದರೆ ನನ್ನ ವಿದ್ಯೆ ನಗುತ್ತದೆ. ಆರಿದ ಚಹಾದ ಲೋಟವನ್ನು ಮಾತ್ರ ನಾನು ಹೊರಗೆ ಬಂದು, ಕಣ್ಣಿದ್ದು, ಕಂಡಿದ್ದೇನೆ. ಅದನ್ನೇ ಹೇಳುತ್ತೇನೆ. ನಿಮ್ಮ ಮಾಳಿಗಿ ನಮ್ಮ ಅಕ್ಕನನ್ನು ಉಳಿಸಲಿಲ್ಲ. ಆದರೆ ಅವಳು ಬರಲಿಲ್ಲವೆಂಬುದು ಒಬ್ಬರಿಗೆ ಗೊತ್ತಾದದ್ದು ಅಲ್ಲಿಯೇ, ಅಪ್ಪಣೆ ಕೇಳದೆ ಒಬ್ಬರು ಅವಳ ಹೆಸರು ಹಿಡಿದು ಕೂಗಿದ್ದೂ ಅಲ್ಲಿಯೇ. ಬಾಲಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಇದು ಗೆಲ್ಲುವ ಮಾತಲ್ಲ. ಜನ ತಲೆ ತಗ್ಗಿಸಿ ಕೇಳಿ, ಆಮೇಲೆ ಗಾಜಿಗೇ ಕೈಯೆತ್ತಬಹುದು. ಅಕ್ಕ ಬಿಟ್ಟುಹೋದದ್ದು ಆ ಮಾಳಿಗಿಯೊಂದೇ, ಮತ್ತು ಅದನ್ನು ನಾನು ಸತ್ಯ ಹೇಳಿ ಕಳೆಯಲೂಬಹುದು.

ಶರಣು ತಲೆ ತೊಳೆದು ಒರೆಸಿದ. ಕನ್ನಡಿಯಲ್ಲಿ ಯಾರೋ ಕರಿತಲೆಯ ಗೃಹಸ್ಥ ಕುಳಿತಿದ್ದ. ಈ ಸಲ ನೇರವಾಗಿಯೇ ನೋಡಿದೆ. ಬಟ್ಟಲಲ್ಲಿ ಇನ್ನೂ ಬಣ್ಣ ಉಳಿದಿತ್ತು. ಬ್ರಷ್ ಅದ್ದಿ ಕೇಳಿದ:

"ಮೀಸಿಗೂ ಹಚ್ಚಲೇನ್ರಿ ಸರ?"

"ಬ್ಯಾಡೋ, ಬಿಡು" ಎಂದೆ. "ಅದಾದ್ರೂ ಖರೇ ಇರಲಿ."