ಇಲಿವಾರದ ಅರಿಸಿನ

ಕಮತಗಿಯ ಅಮಾತೆಪ್ಪ ಅರ್ಧ ಆಯುಷ್ಯವನ್ನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕಳೆದವನು. ಮಗ್ಗದಿಂದ ಇಳಿದವನು ಇಲಿಗೆ ಬಿದ್ದ. ಬಾಗಲಕೋಟೆಯ ಸಂಶೋಧನಾ ಕೇಂದ್ರವೊಂದರಲ್ಲಿ ಬಿಳಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಗೂಡು ತೊಳೆಯಬೇಕು, ಹೊಟ್ಟು ಹಾಸಬೇಕು, ನೀರು ಕಾಳು ಇಡಬೇಕು. ಕೇಳಿದ ದಿನ ಕೇಳಿದ ಇಲಿಯನ್ನು ಎತ್ತಿ ಕೊಡಬೇಕು. ಹಾಗೆ ಕೊಟ್ಟ ಇಲಿ ತಿರುಗಿ ಬರುತ್ತಿರಲಿಲ್ಲ. ಈ ಕೊನೆಯ ಸಂಗತಿಯೊಂದನ್ನು ಅವನು ಹೆಂಡತಿ ಶಿವಲಿಂಗವ್ವನಿಗೆ ಹೇಳಿರಲಿಲ್ಲ. ಇಲಿ ಸಾಕುವ ಕೆಲಸ ಎಂದಷ್ಟೇ ಹೇಳಿದ್ದ.

"ಮೂಕ ಜೀವ ಸಾಕೂದಂದ್ರ ಪುಣ್ಯೇದ ಕೆಲಸ ಬಿಡ್ರಿ" ಎಂದು ಅವಳು ಓಣಿಗೆಲ್ಲ ಸಾರಿ ಬಂದಳು. ಹೆಂಡತಿ ಗಳಿಸಿಕೊಟ್ಟ ಆ ಪುಣ್ಯ ಅವನ ಹೆಗಲಿಗೆ ನೂಲಿನ ಮೂಟೆಗಿಂತ ಭಾರವಾಯಿತು.

ಕಾರಣವಿತ್ತು. ಗಣೇಶ ಚೌತಿಯ ಮರುದಿನ ನೇಕಾರರ ಮನೆಯಲ್ಲಿ ಇಲಿವಾರ. ಅಂದು ಮಗ್ಗ ನಿಲ್ಲಿಸಿ, ಮಣ್ಣಿನ ಇಲಿಗೆ ಅರಿಸಿನ ಹಚ್ಚಿ, ಕಡುಬಿನ ಎಡೆ ಇಟ್ಟು, "ನಮ್ಮ ನೂಲು ಕಡೀಬ್ಯಾಡಪಾ, ನಿನ್ನ ತಂಟೇಕ ನಾವ್ ಬರಂಗಿಲ್ಲ" ಎಂದು ಕೈಮುಗಿಯುವುದು ಅಜ್ಜ ಮುತ್ತಜ್ಜರ ಕಾಲದ ಕರಾರು. ಇಲಿ ತನ್ನ ಮಾತು ಉಳಿಸಿಕೊಂಡಿತ್ತು. ಅಮಾತೆಪ್ಪನ ಮಗ್ಗವನ್ನು ತಿಂದದ್ದು ಇಲಿಯಲ್ಲ, ಪವರ್‌ಲೂಮು. ಮಾತು ಮುರಿದವನು ತಾನೇ.

ಈ ಸಲ ಕೇಂದ್ರದಲ್ಲಿ ಶಿವಗಂಗಾ ಎಂಬ ಬಾದಾಮಿಯ ಹುಡುಗಿಯ ಪ್ರಯೋಗ ನಡೆದಿತ್ತು. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ವಿಷಯ. ಅವನು ಕೇಳಿದ್ದಕ್ಕೆ ಅವಳು ಬಿಡಿಸಿ ಹೇಳಿದ್ದಳು.

"ರಕ್ತದಾಗ ಟಿ ಕೋಶ ಅಂತ ಕಾವಲುಗಾರರು ಇರ್ತಾರ ಕಾಕಾ. ಅವರಿಗೆ ಇಡೀ ವೈರಸ್ ಕಾಣಂಗಿಲ್ಲ. ವೈರಸ್ ಹೊಕ್ಕ ಜೀವಕೋಶ, ಅದರ ಪ್ರೊಟೀನ್ ಹರದು ಒಂದು ಸಣ್ಣ ತುಣುಕು ತನ್ನ ಮೈಮ್ಯಾಲೆ ಎತ್ತಿ ಹಿಡಿತೈತಿ. ಅದನ್ನ ನೋಡೇ ಟಿ ಕೋಶ, ಕಳ್ಳ ಒಳಗದಾನ ಅಂತ ತಿಳ್ಕೋತೈತಿ."

"ಸೆರಗಿನ ತುದಿ ನೋಡಿ ಇಳಕಲ್ ಸೀರಿ ಅಂದಂಗ."

"ಹಂಗ ನೋಡ್ರಿ!"

ಒಂದೇ ಗೂಡಿನ ಇಲಿಗಳಲ್ಲಿ ಅರ್ಧಕ್ಕೆ ಅವಳು ಆ ತುಣುಕನ್ನು ಮೊದಲೇ ಚುಚ್ಚಿದ್ದಳು, ಉಳಿದರ್ಧಕ್ಕೆ ಬರೀ ಉಪ್ಪುನೀರು. ಆಮೇಲೆ ಎಲ್ಲಕ್ಕೂ ವೈರಸ್ಸು. ಮೊದಲೇ ತುಣುಕು ಕಂಡ ಇಲಿಯ ಟಿ ಕೋಶಗಳು ಕಳ್ಳನನ್ನು ಬೇಗ ಗುರುತಿಸುತ್ತವೆಯೇ ಎಂಬುದು ಪ್ರಶ್ನೆ. ತುಣುಕು ಚುಚ್ಚಿದವುಗಳ ಬೆನ್ನಿಗೆ ಗುರುತಿಗೆಂದು ಹಳದಿ ಬೊಟ್ಟು. ಎಲ್ಲವನ್ನೂ ಕೊಯ್ದು ನೋಡುವ ದಿನ ಸರಿಯಾಗಿ ಇಲಿವಾರಕ್ಕೇ ಬಂತು.

ಅಂದು ಅಮಾತೆಪ್ಪ ಎಲ್ಲರಿಗಿಂತ ಮೊದಲು ಬಂದ. ರಬ್ಬರಿನ ಕೈಯಲ್ಲಿ ಎಂಥ ಪೂಜೆ ಎಂದು ಕೈಗವಸು ತೆಗೆದ. ಕುಂಕುಮ ಕಣ್ಣಿಗೆ ಬಿದ್ದೀತು ಎಂದು ಅರಿಸಿನವನ್ನಷ್ಟೇ ಕಲಸಿ, ಒಂದೊಂದು ಇಲಿಗೂ ತಲೆಯಿಂದ ಬಾಲದವರೆಗೆ ಸವರಿ, "ತಪ್ಪಾತು, ಹೊಟ್ಟಿಗೆ ಹಾಕ್ಕೋಪಾ" ಎಂದ. ಕೊನೆಯದನ್ನು ಗೂಡಿಗೆ ಬಿಟ್ಟಾಗ ಕಣ್ಣಿಗೆ ಬಿತ್ತು: ಗೂಡಿನ ತುಂಬ ಹಳದಿ. ಬೊಟ್ಟು ಯಾವುದು, ಭಕ್ತಿ ಯಾವುದು, ಗೊತ್ತಾಗುವಂತಿರಲಿಲ್ಲ.

ಶಿವಗಂಗಾ ಬಂದು ಗೂಡು ನೋಡಿ ನಿಂತಳು. "ಬಣ್ಣ ಹರಡೇತೇನು ಕಾಕಾ? ಅಂಗಡಿಯವ ಖೊಟ್ಟಿ ಮಾಲು ಕೊಟ್ಟಾನ."

"ಹೌದ್ರಿ" ಎಂದುಬಿಟ್ಟ.

ಅವಳು ಅಂಗಡಿಗೆ ಫೋನು ಹಚ್ಚಿದಳು. ಅತ್ತಲಿಂದ ಯಾರೋ "ಹಲೋ" ಎಂದದ್ದು ಅವನಿಗೂ ಕೇಳಿಸಿತು. ಮಾಡದ ತಪ್ಪಿಗೆ ಬೈಸಿಕೊಳ್ಳಲಿದ್ದ ಆ ದನಿ ಕೇಳಿ ಅವನಿಗೆ ತಡೆಯಲಾಗಲಿಲ್ಲ.

"ಬ್ಯಾಡ್ರಿ ಮೇಡಮ್ಮಾರ. ನಾನ ಹಚ್ಚೇನಿ. ಅರಿಸಿನ... ಇಲಿವಾರ ಇತ್ತಲ್ರಿ."

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಅವಳು ಫೋನು ಬಂದ್ ಮಾಡಿ ಅವನ ಕೈ ಹಿಡಿದು ತಿರುವಿ ತಿರುವಿ ನೋಡಿದಳು. "ಬರಿಗೈಲೆ ಮುಟ್ಟೀರೇನು? ವೈರಸ್ ಐತಿ ಕಾಕಾ! ಕಚ್ಚ್ಯಾವೇನು? ಗಾಯ ಇಲ್ಲಲ್ಲ?" ನಲ್ಲಿಯ ಕೆಳಗೆ ಹಿಡಿಸಿ ತಾನೇ ಸಾಬೂನು ಹಾಕಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಕೊಯ್ದು ನೋಡಿದಾಗ ಯಾವು ಗುರುತು ಹಿಡೀತಾವು, ಅವೇ ತುಣುಕು ಕಂಡ ಇಲಿ ಅಲ್ರಿ?" ಎಂದು ತೊದಲಿದ.

"ಅದು ಖರೆ ಏನು ಅಂತ ನೋಡಾಕನ ಇಷ್ಟೆಲ್ಲಾ ಮಾಡಿದ್ದು. ಉತ್ತರ ನೋಡಿ ಪ್ರಶ್ನಿ ಬರದ್ರ ಅದು ಪರೀಕ್ಷೆ ಅಲ್ಲ ಕಾಕಾ, ಕಾಪಿ."

"ಹಂಗಾರ ಇವನ್ನ ಬಿಡ್ತೀರೇನ್ರಿ?"

"ವೈರಸ್ ಚುಚ್ಚಿದ್ದು ಹೊರಗ ಬಿಡಾಕ ಬರಂಗಿಲ್ಲ. ಇವು ಹೋದ್ವು." ಅವಳು ಗೂಡಿನತ್ತ ನೋಡಲಿಲ್ಲ. "ಮತ್ತ ಇಷ್ಟ ಇಲಿ ತಂದು ಮೊದಲಿಂದ ಮಾಡಬೇಕು."

ಮತ್ತೆ ಇಷ್ಟೇ ಇಲಿ. ಕ್ಷಮೆ ಕೇಳಲು ಹೋದವನು ಕೊಲೆಯನ್ನು ಎರಡರಷ್ಟು ಮಾಡಿ ಬಂದಿದ್ದ.

ಸಂಜೆ ಮನೆಯಲ್ಲಿ, ಮಗ್ಗವಿದ್ದ ಜಾಗದ ಟ್ರಂಕಿನ ಮೇಲೆ ಮಣ್ಣಿನ ಇಲಿ ಕೂತಿತ್ತು. ಕಡುಬಿನ ತಾಟು ಹಿಡಿದು ಬಂದ ಶಿವಲಿಂಗವ್ವ ಸಾಬೂನಿಗೂ ಹೋಗದ ಅವನ ಕೈಯ ಅರಿಸಿನ ನೋಡಿ ಹಿಗ್ಗಿದಳು. "ಅಲ್ಲೂ ಪೂಜಿ ಮಾಡಿ ಬಂದೀರೇನು? ಪುಣ್ಯವಂತ್ರು ಬಿಡ್ರಿ ನೀವು. ಕೈಮುಗೀರಿ, ಕಡುಬು ಆರತಾವು."

ಅಮಾತೆಪ್ಪ ಕೈಮುಗಿದ. "ನಮ್ಮ ನೂಲು ಕಡೀಬ್ಯಾಡಪಾ" ಎಂದ. ಮುಂದಿನ ಮಾತು ಬರಲಿಲ್ಲ.

"ಯಾಕ್ರಿ, ಮರ್ತೀರೇನು?"

"ಮರ್ತಿಲ್ಲ." ಮುಗಿದ ಹಳದಿ ಕೈಗಳನ್ನು ಬಿಡಿಸಿ ತೊಡೆಯ ಕೆಳಗೆ ಇಟ್ಟುಕೊಂಡ. "ತಾಟು ಕೆಳಗಿಡು. ಅಲ್ಲಿ ಬರೇ ಸಾಕೂದಲ್ಲ. ನಾ ಏನ್ ಮಾಡ್ತೇನಿ ಹೇಳ್ತೇನಿ, ಕೂಡು."