ನಡುಗಡ್ಡೆಯ ಇಪ್ಪತ್ತಮೂರು ಗೂಡುಗಳು

ಹೇಳಿಬಿಡಲೇ, ಸುಮ್ಮನಿರಲೇ? ಹನ್ನೊಂದು ವರ್ಷಗಳ ಹಿಂದಿನ ಮಾತು; ಉದ್ಯಾನ ಸಮಿತಿಯ ಸಭೆಗೆ ಇನ್ನೊಂದು ಗಂಟೆಯಿತ್ತು. ಎರಡು ದಡಗಳಿಂದ ಎಣಿಸಿದ ಹಕ್ಕಿಗೂಡುಗಳ ಎರಡು ಪಟ್ಟಿಗಳನ್ನು ಹಿಡಿದು ನಾನು ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಉದ್ಯಾನದ ಸಂರಕ್ಷಿತ ಸ್ಥಾನಮಾನ ಉಳಿಯಲು ಕೆರೆಯಲ್ಲಿ ಇನ್ನೂರು ಗೂಡುಗಳಿರಬೇಕು. ನಾವು ಬರೆದುಕೊಟ್ಟದ್ದು ಇನ್ನೂರ ಹದಿನಾಲ್ಕು. ನಡುಗಡ್ಡೆಯ ಗೂಡುಗಳನ್ನು ಪೂರ್ವದ ದಡದವರು ಮಾತ್ರ ಎಣಿಸಬೇಕೆಂಬುದು ನಮ್ಮ ಕಟ್ಟಳೆ. ಬೆಳಕು ಚೆನ್ನಾಗಿದೆಯೆಂದು ಪಶ್ಚಿಮದ ದಡದಲ್ಲಿದ್ದ ನಾನೂ ಅಲ್ಲಿನ ಇಪ್ಪತ್ತಮೂರನ್ನು ಎಣಿಸಿಬಿಟ್ಟಿದ್ದೆ; ಅವು ಎರಡು ಸಲ ಲೆಕ್ಕಕ್ಕೆ ಬಂದಿದ್ದವು.

ಪೂರ್ವದ ದಡದಲ್ಲಿದ್ದವರು ಇಂದು ಈ ಬೀಳ್ಕೊಡುಗೆಯಲ್ಲಿ ನಾವು ಅಭಿನಂದಿಸುತ್ತಿರುವ ಮೇಲ್ವಿಚಾರಕರು. ಗ್ರಾಮಾಂತರದ ಸಣ್ಣ ಉದ್ಯಾನವೊಂದು ಬದುಕಬಲ್ಲದೆಂದು ನಂಬಿದವರೇ ವಿರಳವಾಗಿದ್ದ ಕಾಲದಲ್ಲಿ ಕಾವಲುಗಾರರಾಗಿ ಸೇರಿ, ಮೂವತ್ತನಾಲ್ಕು ವರ್ಷ ಆ ನೆಲವನ್ನು ಕಾಲ್ನಡಿಗೆಯಲ್ಲಿ ಅಳೆದವರು. ಹಕ್ಕಿಯ ಹೆಸರೊಂದೂ ತಿಳಿಯದೆ ಬಂದ ನನಗೆ ಮೊದಲ ದಿನವೇ ತಮ್ಮ ದುರ್ಬೀನನ್ನು ಕೊರಳಿಗೆ ಹಾಕಿದವರು.

"ಏನ್ ಪದವೀಧರ್ರೇ, ಮುಖ ಸುಣ್ಣ ಬಳಿದ ಗೋಡೆ ಆಗಿದ್ಯಲ್ಲ?" ಎನ್ನುತ್ತ ಅವರು ಪಟ್ಟಿಗಳನ್ನು ತೆಗೆದುಕೊಂಡರು. ನಡುಗಡ್ಡೆಯ ಸಾಲಿನ ಮೇಲೆ ಬೆರಳು ನಿಂತಿತು. ಎರಡನ್ನೂ ಮಡಿಸಿ ಜೇಬಿಗಿಟ್ಟುಕೊಂಡರು.

ಸಭೆಯಲ್ಲಿ ಎದ್ದು ನಿಂತು, "ಗೂಡು ನೂರ ತೊಂಬತ್ತೊಂದೇ ಸ್ವಾಮಿ, ತಪ್ಪಾಗಿದೆ" ಎಂದರು. ಉದ್ಯಾನದ ಜಾಗಕ್ಕೆ ಕಾದಿದ್ದ ಬೇಲಿಯಾಚೆಯ ಕಲ್ಲುಕ್ವಾರಿಯ ಮಾಲೀಕ ನಕ್ಕ: "ಹಕ್ಕಿಗಳೂ ಮೊಟ್ಟೆನ ಇಷ್ಟು ಬೇಗ ಕೈಬಿಡಲ್ಲ ಬಿಡಿ!"

"ಯಾರ್ರೀ ಎಣಿಸಿದ್ದು?" ಎಂದು ಅಧ್ಯಕ್ಷರು ಗದರಿದರು.

"ಉದ್ಯಾನ ನನ್ನ ಸುಪರ್ದಿನಲ್ಲಿರೋದು. ಎಣಿಕೆನೂ ನನ್ದೇ."

ಹಿಂದಿನ ಸಾಲಿನಲ್ಲಿದ್ದ ನಾನು ಏಳಲಿಲ್ಲ.

ಸಮಿತಿ ಒಂದು ವರ್ಷದ ಗಡುವು ಕೊಟ್ಟಿತು. ಮೇಲ್ವಿಚಾರಕರ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಟಿಪ್ಪಣಿ ಬಿತ್ತು. ಬರಬೇಕಿದ್ದ ಬಡ್ತಿ ಬರಲಿಲ್ಲ. ಕ್ವಾರಿಯವರು ಬೇಲಿಯುದ್ದಕ್ಕೂ ಅಳತೆಯ ಗೂಟ ನೆಟ್ಟರು. ನೀರಿಳಿದ ಕಡೆ ನಾಯಿಗಳು ಗೂಡಿಗೆ ನುಗ್ಗದಂತೆ ಮೇಲ್ವಿಚಾರಕರು ಮುಳ್ಳುಕೊಂಬೆ ಕಟ್ಟಿಸಿದರು, ಕೆಲವೊಮ್ಮೆ ತಾವೇ ಕಟ್ಟಿದರು. ಮರುವರ್ಷದ ಎಣಿಕೆಯ ಬೆಳಿಗ್ಗೆ ನಾನು ಕಚೇರಿಯಲ್ಲೇ ಉಳಿಯಲು ನೆಪ ಹುಡುಕುತ್ತಿದ್ದಾಗ, "ಪಶ್ಚಿಮ ನಿಮ್ದೇ, ಹೊರಡಿ" ಎಂದಷ್ಟೇ ಹೇಳಿ ದೋಣಿಯತ್ತ ನಡೆದರು. ಒಂದೊಂದು ಗೂಡನ್ನೂ ಮೂರು ಸಲ ನೋಡಿ ಬರೆದೆ. ಎರಡೂ ದಡ ಸೇರಿ ಇನ್ನೂರ ಆರಾಯಿತು. ಸ್ಥಾನಮಾನ ಉಳಿಯಿತು.

ನಿವೃತ್ತಿಯ ನಂತರವೂ ಪೂರ್ವದ ದಡ ಅವರದೇ ಆಗಿರಲಿ, ಆ ದಡದಲ್ಲಿ ನಿಲ್ಲುವ ಆರೋಗ್ಯ ಅವರಿಗೆ ಬಹುಕಾಲವಿರಲಿ ಎಂದು ಹಾರೈಸುತ್ತೇನೆ. ಆ ತಪ್ಪು ನನ್ನದೆಂದು ಈ ಹನ್ನೊಂದು ವರ್ಷಗಳಲ್ಲಿ ನಾನು ಅವರಿಗಾಗಲೀ ಬೇರೆ ಯಾರಿಗಾಗಲೀ ಹೇಳಿರಲಿಲ್ಲ.